ದೀಪವನ್ನು ಕೆಳಗಿಳಿಸಿ, ಗಂಟೆಗಳನ್ನು ಹೆಚ್ಚಿಸಬೇಡಿ

ಮೇಡಂ, ನಿಮ್ಮ ಕೊತ್ತಂಬರಿ ಸಸಿಗಳ ಚಿತ್ರವನ್ನು ಹಿಗ್ಗಿಸಿ ನೋಡಿದೆ. ದಾರದಂತಹ ಬಿಳಿಚಿದ ಕಾಂಡಗಳು ಒಂದರ ಮೇಲೊಂದು ಒರಗಿವೆ. ಕೆಲವುಗಳ ತುದಿಯಲ್ಲಿ ಧನಿಯಾ ಸಿಪ್ಪೆ ಇನ್ನೂ ಟೋಪಿಯಂತೆ ಕೂತಿದೆ. ಬೆಳಕು ಸಾಲದೆಂದು, ಮೂರು ಅಡಿ ಎತ್ತರದಲ್ಲಿರುವ ಮೂರು ಬ್ಯಾಟನ್‌ಗಳನ್ನು (ಟ್ಯೂಬ್‌ಲೈಟಿನಂಥ ಉದ್ದನೆಯ ಎಲ್‌ಇಡಿ ದೀಪ) ದಿನಕ್ಕೆ 20 ಗಂಟೆ ಉರಿಸುತ್ತಿರುವುದಾಗಿ ಬರೆದಿದ್ದೀರಿ. ದಯವಿಟ್ಟು ಇಂದೇ ನಿಲ್ಲಿಸಿ. ಇದೇ ತಪ್ಪಿಗೆ ನಾನು ಒಂದು ಇಡೀ ಮಳೆಗಾಲವನ್ನು ತೆತ್ತಿದ್ದೇನೆ.

ಬೆಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ ಉತ್ತರದ ಕಿಟಕಿಯೊಂದೇ ಇರುವುದು. ಸಸಿಗಳು ಸೊರಗಿ ಉದ್ದವಾದಾಗ ದೀಪವನ್ನು 16 ಗಂಟೆಗೆ ಏರಿಸಿದೆ, ಬಳಿಕ ಆರಿಸುವುದನ್ನೇ ಬಿಟ್ಟೆ. ಅರ್ಧದಷ್ಟು ಸಸಿಗಳು ಬುಡ ಕಪ್ಪಾಗಿ ಬಿದ್ದವು. ಉಳಿದವು ಒಂದು ಹಿಡಿ ಸೊಪ್ಪು ಕೊಡುವ ಮೊದಲೇ ಹೂದಂಡು ಎತ್ತಿದವು. ಕೊತ್ತಂಬರಿ ಮತ್ತು ಪಾಲಕ್ ಹಗಲು ಉದ್ದವಾದಷ್ಟೂ ಹೂವಿಗೆ ಅವಸರಿಸುವ ಗಿಡಗಳೆಂಬುದನ್ನು ಓದಿದ್ದರೂ ಆಗ ನೆನಪಾಗಲಿಲ್ಲ. ಟೊಮೆಟೊಗಂತೂ ಕತ್ತಲೆಯೇ ಇಲ್ಲದಿದ್ದರೆ ಎಲೆಗಳು ಹಳದಿಯಾಗಿ ಕೆಡುತ್ತವೆ.

ಕೊನೆಗೆ ನನ್ನನ್ನು ಉಳಿಸಿದ್ದು ಮೊಬೈಲ್‌ನ ಉಚಿತ ಲಕ್ಸ್ ಮೀಟರ್, ಅಂದರೆ ಬೆಳಕಿನ ಪ್ರಮಾಣ ಅಳೆಯುವ ಆ್ಯಪ್. ಫೋನನ್ನು ಸಸಿಗಳ ತುದಿಯ ಮಟ್ಟದಲ್ಲಿ, ಪರದೆ ಮೇಲ್ಮುಖವಾಗಿರುವಂತೆ ಹಿಡಿದೆ. ಕೈಯ ನೆರಳು ಬೀಳಬಾರದು. ಮೂರು ಅಡಿ ಕೆಳಗೆ ಸುಮಾರು 2,000 ಲಕ್ಸ್ ತೋರಿಸಿತು. ಅದೇ ಮೂರು 20 ವ್ಯಾಟ್ ಬ್ಯಾಟನ್‌ಗಳನ್ನು ಸರಪಳಿಯಿಂದ ಎಂಟು ಅಂಗುಲಕ್ಕೆ ಇಳಿಸಿ, ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ತಟ್ಟೆಯ ಸುತ್ತ ಬಿಳಿ ಥರ್ಮಾಕೋಲ್ ನಿಲ್ಲಿಸಿದಾಗ 12,000 ದಾಟಿತು. ಬಿಳಿ ಎಲ್‌ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ಪಿಪಿಎಫ್‌ಡಿ (ಗಿಡ ಬಳಸಬಲ್ಲ ಬೆಳಕು ಎಲೆಯ ಮೇಲೆ ಎಷ್ಟು ಬೀಳುತ್ತಿದೆ ಎಂಬ ಅಳತೆ) ಅಂದಾಜಿಗೆ ಸಿಗುತ್ತದೆ, ಅಂದರೆ ಇಲ್ಲಿ 170ರ ಆಸುಪಾಸು. ಕೊತ್ತಂಬರಿಗೆ 12 ಗಂಟೆ ಇಷ್ಟು ಸಿಕ್ಕರೆ ನನ್ನ ಅನುಭವದಲ್ಲಿ ಧಾರಾಳವಾಯಿತು. ವಿದ್ಯುತ್ ಲೆಕ್ಕವನ್ನೂ ನೋಡಿ: 60 ವ್ಯಾಟ್‌ಗೆ 12 ಗಂಟೆಯಂತೆ ದಿನಕ್ಕೆ 0.72 ಯೂನಿಟ್, ತಿಂಗಳಿಗೆ 22ರೊಳಗೆ. ನೀವು ಈಗ 36 ಯೂನಿಟ್ ಸುಟ್ಟು, ಎಲೆಗೆ ಇದರ ಮೂರನೇ ಒಂದು ಭಾಗದಷ್ಟು ಬೆಳಕನ್ನೂ ತಲುಪಿಸುತ್ತಿಲ್ಲ.

ಫೋನಿನಿಂದ ಫೋನಿಗೆ ಅಳತೆ ಬದಲಾಗುತ್ತದೆ, ಆದ್ದರಿಂದ ನನ್ನ ಅಂಕಿಯನ್ನು ವೇದವಾಕ್ಯವೆಂದು ಹಿಡಿಯಬೇಡಿ. ಒಂದೇ ಫೋನಿನಲ್ಲಿ ಮೊದಲು ಮತ್ತು ನಂತರ ಎಷ್ಟಿತ್ತೆಂದು ಹೋಲಿಸಿದರೆ ಸಾಕು. ಗಿಡಗಳಿಗೆಂದೇ ಮಾರುವ ನೇರಳೆ ದೀಪಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಿಮಗೆ ನೇರಳೆ ಪ್ಯಾನೆಲ್ ಕೊಳ್ಳಲು ಹೇಳಿದವರು, ಅದರಡಿಯಲ್ಲಿ ಎಲೆಯ ಹಳದಿಯನ್ನೋ ಹೇನನ್ನೋ ಗುರುತಿಸಲು ಒಮ್ಮೆ ಪ್ರಯತ್ನಿಸಿ ನೋಡಲಿ. ನಾನು ಕೊಂಡದ್ದರ ಡಬ್ಬಿಯ ಮೇಲೆ 1000 ವ್ಯಾಟ್ ಎಂದಿತ್ತು. ವಿದ್ಯುತ್ ಬಳಕೆ ಅಳೆಯುವ ಪ್ಲಗ್ ಮೀಟರ್‌ಗೆ ಸಿಕ್ಕಿಸಿದರೆ ಅದು ಎಳೆದದ್ದು ನೂರರ ಸುತ್ತ. ಬ್ಯಾಟನ್ ಫಿಲಿಪ್ಸ್ ಆಗಲಿ, ಕ್ರಾಂಪ್ಟನ್ ಆಗಲಿ, ವಿಪ್ರೊ ಆಗಲಿ, ಡಬ್ಬಿಯ ಮೇಲಿನ ಲ್ಯುಮೆನ್ಸನ್ನು (ದೀಪ ಸೂಸುವ ಒಟ್ಟು ಬೆಳಕಿನ ಅಂಕಿ) ವ್ಯಾಟ್‌ನಿಂದ ಭಾಗಿಸಿ, ನೂರಕ್ಕಿಂತ ಕಡಿಮೆ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಹೆಸರಿಗೆ ದುಡ್ಡು ಕೊಡಬೇಡಿ.

ಈಗಿರುವ ಸಸಿಗಳು ಸುಧಾರಿಸಲಾರವು, ಮರುಬಿತ್ತನೆ ಮಾಡಿ. ಧನಿಯಾ ಮೊಳೆಯುವ ದಿನವೇ ದೀಪ ಎಂಟು ಅಂಗುಲದಲ್ಲಿರಬೇಕು, ಎರಡು ದಿನ ತಡವಾದರೂ ಕಾಂಡ ಉದ್ದವಾಗಿಬಿಡುತ್ತದೆ. ಸಸಿ ಬೆಳೆದಂತೆ ಸರಪಳಿಯ ಒಂದೊಂದೇ ಕೊಂಡಿಯನ್ನು ಮೇಲಕ್ಕೆ ಸಿಕ್ಕಿಸಿ. ಸಂಜೆ ಆರಿಸುವ ಕೆಲಸವನ್ನು ನೆನಪಿಗೆ ಬಿಡದೆ ಟೈಮರ್‌ಗೆ ಒಪ್ಪಿಸಿ, ತಿಂಗಳಿಗೊಮ್ಮೆ ಬ್ಯಾಟನ್‌ಗಳ ಧೂಳನ್ನು ಸ್ವಿಚ್ ಆರಿಸಿಯೇ ಒರೆಸಿ. ದೀಪ ಇಷ್ಟು ಕೆಳಗೆ ಬಂದಾಗ ನೀರು ಚಿಮುಕಿಸುವ ಬಾಟಲಿಯನ್ನು ಬದಿಗಿಟ್ಟು ತಟ್ಟೆಯ ತಳದಿಂದಲೇ ನೀರು ಕೊಡಿ, ಮತ್ತು ವೈರು ಪ್ಲಗ್ ಸೇರುವ ಮೊದಲು ಅದಕ್ಕಿಂತ ಕೆಳಗೆ ಒಂದು ಬಾಗು ಇರುವಂತೆ ಇಳಿಬಿಡಿ; ಹನಿ ಜಾರಿದರೂ ಆ ಬಾಗಿನಿಂದ ನೆಲಕ್ಕೆ ಬೀಳುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ.