ಪ್ಲಗ್ಗೂ ಹೊಸದು, ಕಾಯಿಲೂ ಹೊಸದು, ಮಿಸ್ಸಿಂಗ್ ಮಾತ್ರ ಹಳೆಯದೇ

ಪ್ರಶ್ನೆ: ನನ್ನ ಬಳಿ ಸುಮಾರು ಇಪ್ಪತ್ತು ವರ್ಷ ಹಳೆಯದಾದ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಪೆಟ್ರೋಲ್ ಪಿಕಪ್ ಇದೆ. ನಾಲ್ಕು ತಿಂಗಳಿಂದ ಅದು, ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ನಡುಗುತ್ತಿದ್ದು, ಸ್ಕ್ಯಾನರ್ ಹಾಕಿದಾಗಲೆಲ್ಲ ಪಿ0303 ಎಂಬ ಸಂಕೇತವನ್ನೇ ತೋರಿಸುತ್ತದೆ. ಆರೂ ಪ್ಲಗ್ಗುಗಳನ್ನು ಬದಲಿಸಿದೆ, ಮೂರನೆಯ ಸಿಲಿಂಡರಿಗೆ, ಕಿಡಿಗೆ ವೋಲ್ಟೇಜ್ ಒದಗಿಸುವ ಹೊಸ ಕಾಯಿಲ್ ಹಾಕಿಸಿದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಐದನೆಯದರೊಂದಿಗೆ ಅದಲು ಬದಲು ಮಾಡಿದೆ. ಆದರೂ ದೋಷ ಮೂರನೆಯದನ್ನು ಬಿಟ್ಟು ಕದಲಲಿಲ್ಲ. 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದರೆ ಎಂಜಿನ್ ಬಹುಮಟ್ಟಿಗೆ ನಯವಾಗಿ ಓಡುತ್ತದೆ. ಎಂಜಿನ್ ಆಯಿಲ್ ಆಗಲಿ ಕೂಲಂಟ್ ಆಗಲಿ ಕಡಿಮೆಯಾಗಿಲ್ಲ. ಇನ್ನು ಎಂಜಿನ್ ಕಂಪ್ಯೂಟರನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಿಸಬಹುದೇ?

ಉತ್ತರ: ದಯವಿಟ್ಟು ಈಗಲೇ ಬದಲಿಸಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾದೀತು.

ಪಿ0303 ಎಂದರೆ ಮೂರನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸರಿಯಾಗಿ ಉರಿಯದ ಮಿಸ್ಸಿಂಗ್, ಎಂದಷ್ಟೇ ಅರ್ಥ. ಸಿಲಿಂಡರಿನೊಳಗೆ ಏನಾಗುತ್ತಿದೆ ಎಂಬುದನ್ನು ಕಂಪ್ಯೂಟರ್ ನೋಡುವುದಿಲ್ಲ. ಮೂರನೆಯ ಸಿಲಿಂಡರ್ ಬಲ ಕೊಡಬೇಕಾದ ಕ್ಷಣದಲ್ಲಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ತುಸು ನಿಧಾನವಾದುದನ್ನು ಕ್ರ್ಯಾಂಕ್ ಸೆನ್ಸರ್ ಮೂಲಕ ಗಮನಿಸಿ ಸಂಕೇತ ದಾಖಲಿಸುತ್ತದೆ. ಕಿಡಿ ಬೀಳದಿದ್ದರೂ, ಪೆಟ್ರೋಲ್ ಸಿಗದಿದ್ದರೂ, ಮಿಶ್ರಣ ಸರಿಯಾಗಿ ಒತ್ತಲ್ಪಡದಿದ್ದರೂ ಅದಕ್ಕೆ ಕಾಣುವುದು ಆ ಒಂದೇ ಕುಂಟು ನಡೆ. ತಾವು ಇದುವರೆಗೆ ಮಾಡಿದ ಕೆಲಸಗಳಲ್ಲಿ ಇಂಜೆಕ್ಟರಿನ ಅದಲು ಬದಲಿಗೇ ಹೆಚ್ಚು ಬೆಲೆ, ಏಕೆಂದರೆ ಖರ್ಚಿಲ್ಲದೆ ಒಂದು ಅನುಮಾನ ಕಳೆಯಿತು. ಕಾಯಿಲನ್ನೂ ಹಾಗೆಯೇ ಐದನೆಯದರೊಂದಿಗೆ ಬದಲಿಸಿ ನೋಡಿ. ಸಂಕೇತ ಪಿ0305 ಎಂದು ಬದಲಾದರೆ ಹೊಸ ಕಾಯಿಲೇ ಕೆಟ್ಟದ್ದು. ಪ್ಲಗ್ಗನ್ನೂ ಬಿಚ್ಚಿ, ಅದರ ಬಿಳಿಯ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದಂತಹ ತೆಳು ಕಪ್ಪು ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಿಗಿಯುವಾಗ ಸೀಳಿದ ಪಿಂಗಾಣಿಯ ಮೇಲೆ ಕಿಡಿ ಹೊರಗಿನಿಂದಲೇ ಜಾರಿಹೋಗುವ ದಾರಿ ಅದು.

ತಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ವೇಗ ಹೆಚ್ಚಿದಾಗ ನಡುಕ ಕಡಿಮೆಯಾಗುತ್ತದೆ ಎಂಬ ಮಾತು. ಕಾಯಿಲ್ ಅಥವಾ ಪ್ಲಗ್ ದುರ್ಬಲವಾಗಿದ್ದರೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗುತ್ತದೆ: ಭಾರ ಹೊತ್ತು ಏರು ಹತ್ತುವಾಗ ಸಿಲಿಂಡರಿನ ಒತ್ತಡ ಏರಿ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗಿ, ಆಗಲೇ ಮಿಸ್ ಹೊಡೆಯತೊಡಗುತ್ತದೆ. ಐಡ್ಲಿಂಗ್‌ನಲ್ಲಿ ಮಾತ್ರ ಕೆಡುವುದೆಂದರೆ ಎಲ್ಲಿಯೋ ಸೋರಿಕೆ ಇದೆ ಎಂಬ ಅನುಮಾನ ಬಲವಾಗುತ್ತದೆ. 700 ಆರ್‌ಪಿಎಂನಲ್ಲಿ ಪಿಸ್ಟನ್ ಒಮ್ಮೆ ಮೇಲೇರಲು ಸುಮಾರು 43 ಮಿಲಿಸೆಕೆಂಡ್ ಬೇಕು, 2,500ರಲ್ಲಿ 12 ಸಾಕು. ಸಿಲಿಂಡರಿಗೆ ಗಾಳಿ ಬರುವ, ಹೊಗೆ ಹೋಗುವ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್ ಸರಿಯಾಗಿ ಕೂರದಿದ್ದರೆ ಅದರ ಸಂದಿಯಿಂದ ಒತ್ತಡ ಸೋರಿಹೋಗಲು ನಿಧಾನಗತಿಯಲ್ಲಿ ಬೇಕಾದಷ್ಟು ಬಿಡುವಿರುತ್ತದೆ. ವೇಗದಲ್ಲಿ ಅಷ್ಟು ಬಿಡುವು ಸಿಗುವುದಿಲ್ಲ.

ಸೋರಿಕೆ ಎರಡು ಕಡೆ ಇರಬಹುದು. ಮೊದಲನೆಯದು ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲುಕೊಳವೆ ಎಂಜಿನ್ನಿಗೆ ಕೂಡುವಲ್ಲಿನ ಸೀಲು. ಮೂರನೆಯ ಸಿಲಿಂಡರಿನ ಕವಲಿನಲ್ಲಿ ಅದು ಬಿರಿದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇದನ್ನು ಹೊಗೆ ಹಾಯಿಸಿ ಪರೀಕ್ಷಿಸುವುದು ಸುರಕ್ಷಿತ. ಬಿಸಿ ಎಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆದು ನೋಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಮಿಶ್ರಣ ತೆಳುವಾಗಿದೆಯೆಂದು ಸ್ಕ್ಯಾನರ್ ತೋರಿಸಿದ ಮಾತ್ರಕ್ಕೆ ಗ್ಯಾಸ್ಕೆಟ್ಟನ್ನೇ ದೂರಬೇಡಿ, ಏಕೆಂದರೆ ಉರಿಯದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕವೂ ಹೊರಬಂದು ಆಕ್ಸಿಜನ್ ಸೆನ್ಸರನ್ನು ದಾರಿ ತಪ್ಪಿಸುತ್ತದೆ.

ಎರಡನೆಯದು ಸಿಲಿಂಡರಿನದೇ ಸೋರಿಕೆ. ಇದನ್ನು ತಿಳಿಯಲು, ಸಿಲಿಂಡರಿನಲ್ಲಿ ಎಷ್ಟು ಒತ್ತಡ ಏಳುತ್ತದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆ ಆಗಲೇಬೇಕು. ನಾಲ್ಕು ತಿಂಗಳಲ್ಲಿ ಯಾರೂ ಅದನ್ನು ಮಾಡದಿರುವುದು ನನಗೆ ಆಶ್ಚರ್ಯ ತಂದಿದೆ. ಎಂಜಿನ್ ಬಿಸಿಯಾಗಿರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಇಗ್ನಿಷನ್ ಮತ್ತು ಪೆಟ್ರೋಲ್ ಸಂಪರ್ಕಗಳನ್ನು ತಪ್ಪಿಸಿ, ಆರೂ ಪ್ಲಗ್ಗುಗಳನ್ನು ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿನ ಪ್ಲಗ್ ರಂಧ್ರಕ್ಕೂ ಒತ್ತಡದ ಗೇಜ್ ಸಿಕ್ಕಿಸಿ, ಅದರ ಮುಳ್ಳು ಐದಾರು ಬಾರಿ ಜಿಗಿಯುವಷ್ಟು ಹೊತ್ತು ಸ್ಟಾರ್ಟರ್ ತಿರುಗಿಸಿ. ಅತಿ ಕಡಿಮೆ ಅಂಕಿಯು ಅತಿ ಹೆಚ್ಚಿನ ಅಂಕಿಯ ಶೇ 75ಕ್ಕಿಂತ ಕೆಳಗಿಳಿಯಬಾರದೆಂಬುದು ರೂಢಿಯ ಅಳತೆ. ಉಳಿದವು 160 ಪಿಎಸ್‌ಐ (ಒತ್ತಡದ ಅಳತೆ) ಇದ್ದು ಮೂರನೆಯದು 90ಕ್ಕೆ ನಿಂತರೆ ಕಾಯಿಲ್, ಇಂಜೆಕ್ಟರ್, ಕಂಪ್ಯೂಟರ್ ಮೂರನ್ನೂ ಮರೆತುಬಿಡಿ. ಆ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಮೇಲೇರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಳಗಿನ ಸೀಲು). ಪಕ್ಕದ ಎರಡನೆಯದೋ ನಾಲ್ಕನೆಯದೋ ಜೊತೆಯಲ್ಲೇ ಕುಸಿದಿದ್ದರೆ ನಡುವಿನ ಗ್ಯಾಸ್ಕೆಟ್ ಹರಿದಿರಬಹುದು.

ಇನ್ನೂ ಖಚಿತವಾಗಬೇಕಾದರೆ, ಮೂರನೆಯ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು, ಎರಡೂ ವಾಲ್ವುಗಳು ಮುಚ್ಚಿರುವಾಗ ಪ್ಲಗ್ಗಿನ ರಂಧ್ರದಿಂದ ಗಾಳಿ ತುಂಬಿಸಿ ಕಿವಿಗೊಡಿ. ಸೈಲೆನ್ಸರ್ ಕೊಳವೆಯಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲಿನ ಕಡೆ ಕೇಳಿಸಿದರೆ ಇಂಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಜೋರಾದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ತಟ್ಟನೆ ತಿರುಗಬಹುದಾದ್ದರಿಂದ ಫ್ಯಾನ್, ಬೆಲ್ಟ್‌ಗಳ ಬಳಿ ಕೈ ಇರಬಾರದು.

ನನ್ನ ಅಂದಾಜು ಎಕ್ಸಾಸ್ಟ್ ವಾಲ್ವಿನ ಕಡೆಗಿದೆ. ಹಳೆಯ ಎಂಜಿನ್ನಿನಲ್ಲಿ ವಾಲ್ವ್ ತನ್ನ ಸೀಟಿನೊಳಗೆ ಸವೆಯುತ್ತ ಇಳಿದಂತೆ ಟ್ಯಾಪೆಟ್ ಸಂದು, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ, ಇಲ್ಲವಾಗುತ್ತದೆ. ಆಗ ವಾಲ್ವ್ ಪೂರ್ತಿ ಮುಚ್ಚಲಾರದೆ, ಸೀಟಿಗೆ ಶಾಖ ಬಿಟ್ಟುಕೊಡಲಾರದೆ, ಅಂಚಿನಲ್ಲಿ ಇಲಿ ಕಚ್ಚಿದಂತೆ ಸುಟ್ಟುಹೋಗುತ್ತದೆ. ತಮ್ಮದು ಟ್ಯಾಪೆಟ್ ಹೊಂದಿಸಬಹುದಾದ ಎಂಜಿನ್ ಆಗಿದ್ದರೆ ಹೆಡ್ ಇಳಿಸುವ ಮುನ್ನ ಆ ಸಂದನ್ನು ಅಳೆಯಿರಿ. ವಾಲ್ವ್ ಇನ್ನೂ ಸುಟ್ಟಿರದಿದ್ದರೆ ಅಷ್ಟರಿಂದಲೇ ಕೆಲಸ ಮುಗಿದೀತು. ವಾಲ್ವ್ ಕವರ್ ತೆಗೆದಾಗ, ಮೂರನೆಯ ಸಿಲಿಂಡರಿನ ವಾಲ್ವುಗಳನ್ನು ಒತ್ತುವ ರಾಕರುಗಳು ಉಳಿದವುಗಳಷ್ಟೇ ಏರಿಳಿಯುತ್ತವೆಯೇ ಎಂಬುದನ್ನೂ ನೋಡಿಕೊಳ್ಳಿ, ಏಕೆಂದರೆ ರಾಕರುಗಳನ್ನು ಏರಿಳಿಸುವ ಕ್ಯಾಮ್ ಸವೆದಿದ್ದರೆ ಅದು ಗಾಳಿ ತುಂಬಿಸುವ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ.

ಆರೂ ಸಿಲಿಂಡರುಗಳ ಒತ್ತಡ ಸಮನಾಗಿದ್ದರೆ ವೈರಿಂಗ್ ಕಡೆ ತಿರುಗಿ. ಇಂಜೆಕ್ಟರ್ ಬದಲಿಸಿದಿರಿ, ಆದರೆ ಅದರ ವೈರು ಮೊದಲಿನದೇ ಅಲ್ಲವೇ? ಕನೆಕ್ಟರಿಗೆ ಪರೀಕ್ಷಾ ದೀಪ ಸಿಕ್ಕಿಸಿ, ಸ್ಟಾರ್ಟರ್ ತಿರುಗುವಾಗ ಮಿನುಗುವುದೇ ನೋಡಿ, ವೈರನ್ನು ಅಲುಗಾಡಿಸಿಯೂ ನೋಡಿ. ಕಂಪ್ಯೂಟರಿನ ಸರದಿ ಇವೆಲ್ಲದರ ನಂತರ.

ಪ್ರಶ್ನೆ: ನನ್ನ ಪಿಕಪ್ಪಿನಲ್ಲಿ ಸರಕು ತುಂಬಿ ಏರು ಹತ್ತುವಾಗ ಮಾತ್ರ ಮಿಸ್ಸಿಂಗ್ ಆಗಿ ಎಂಜಿನ್ ದೀಪ ಮಿನುಗುತ್ತದೆ, ಸಮತಟ್ಟಿನಲ್ಲಿ ಸ್ಥಿರವಾಗಿ ಉರಿಯುತ್ತದೆ. ಹೀಗೆಯೇ ಓಡಿಸಬಹುದೇ?

ಉತ್ತರ: ದೀಪ ಮಿನುಗುವಾಗ ಓಡಿಸಬಾರದು. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿ ಅದನ್ನು ಕರಗಿಸುವಷ್ಟು ಕಾಯಿಸಬಲ್ಲದೆಂಬ ಎಚ್ಚರಿಕೆ ಅದು. ತಕ್ಷಣ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ. ಭಾರ ಬಿದ್ದಾಗಲೇ ಕೆಡುವುದರಿಂದ ತಮ್ಮ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಪ್ಲಗ್ಗಿನ ಗ್ಯಾಪ್, ಕಾಯಿಲ್, ಪ್ಲಗ್ ವೈರುಗಳು. ಅವು ಸರಿಯಿದ್ದರೆ ಪೆಟ್ರೋಲ್ ಒತ್ತಡ. ದುರಸ್ತಿಯ ಬಳಿಕ ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಎಂಜಿನ್ ಆಯಿಲನ್ನೂ ಫಿಲ್ಟರನ್ನೂ ಅಂದೇ ಬದಲಿಸಿ.