ವರ್ಷಕ್ಕೊಂದು ಸಿಪಿಆರ್ ಕ್ಲಾಸು ಸಾಕಾ?

ಪ್ರಶ್ನೆ: ನಾನು ವಾರ್ಡ್ ನರ್ಸ್, ಕೆಲಸಕ್ಕೆ ಸೇರಿ ಎಂಟು ವರ್ಷ ಆಯ್ತು. ವರ್ಷಕ್ಕೊಂದ್ಸಲ ಸಿಪಿಆರ್ (ಹಾರ್ಟ್ ನಿಂತಾಗ ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸೋಕೆ ನೋಡೋದು) ಟ್ರೇನಿಂಗ್ ಆಗುತ್ತೆ, ಸರ್ಟಿಫಿಕೇಟೂ ಬರುತ್ತೆ, ಆದ್ರೆ ನಿಜವಾಗ್ಲೂ ಪೇಷಂಟ್ ಹಾರ್ಟ್ ನಿಂತಾಗ ಕೈಕಾಲೇ ಆಡಲ್ಲ. ಈ ಟ್ರೇನಿಂಗ್ ಸರಿಮಾಡೋದನ್ನೇ ಕರಿಯರ್ ಮಾಡ್ಕೋಬೋದಾ ಮೇಡಂ?

ಉತ್ತರ: ಖಂಡಿತ ಮಾಡ್ಕೋಬೋದಮ್ಮ, ಮೊದಲು ಎಂಎಸ್ಸಿ ನರ್ಸಿಂಗ್ ಮಾಡಿ, ಆಮೇಲೆ ಪಿಎಚ್‌ಡಿ. ಕೈಕಾಲು ಆಡಲ್ಲ ಅಂದ್ರಲ್ಲ, ಅದು ನಿಮ್ಮೊಬ್ಬರ ತಪ್ಪಲ್ಲ, ಕಲ್ತಿದ್ದು ಮೂರರಿಂದ ಆರು ತಿಂಗಳಲ್ಲೇ ಮಸುಕಾಗೋಕೆ ಶುರುವಾಗುತ್ತೆ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ಅದಕ್ಕೇ ಈಗ ಇಡೀ ದಿನದ ಕ್ಲಾಸಿಗಿಂತ ವಾರ್ಡಲ್ಲೇ ಗೊಂಬೆ ಇಟ್ಟು, ಡ್ಯೂಟಿ ಮಧ್ಯೆ ಹತ್ತೇ ನಿಮಿಷ, ಆದ್ರೆ ಆಗಾಗ ಪ್ರಾಕ್ಟೀಸ್ ಮಾಡ್ಸೋದು ಒಳ್ಳೇದು ಅಂತಾರೆ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ಬೇಕು ಅನ್ನೋದು ಬಾಯಿಪಾಠ ಎಲ್ರಿಗೂ ಬರುತ್ತೆ, ಆದ್ರೆ ಆ ಆಳ ಕೈಗೆ ಗೊತ್ತಾಗೋದು ಒತ್ತಿದಾಗ್ಲೇ. ಎರಡು ನಿಮಿಷಕ್ಕೆ ಒತ್ತೋರು ಬದಲಾಗ್ಬೇಕು ಅನ್ನೋದಂತೂ ಗಾಬರೀಲಿ ಮರೆತೇಹೋಗುತ್ತೆ.

ನನ್ ಕೇಳಿದ್ರೆ ರಿಸರ್ಚಿಗೆ ಇನ್ನೂ ಒಳ್ಳೇ ವಿಷಯ ಹಾರ್ಟ್ ನಿಲ್ಲೋಕೆ ಮುಂಚಿನ ಗಂಟೆಗಳು, ಯಾಕಂದ್ರೆ ಎಷ್ಟೋ ಪೇಷಂಟ್‌ಗಳಲ್ಲಿ ಉಸಿರಾಟದ ವೇಗ, ಬಿಪಿ ಮೊದಲೇ ಏರುಪೇರಾಗಿರುತ್ತೆ, ಅದನ್ನ ಮೊದಲು ನೋಡೋದು ವಾರ್ಡ್ ನರ್ಸೇ (ಡಾಕ್ಟರ್ ಬರೋದು ಆಮೇಲೆ ಬಿಡಿ). ಸದ್ಯಕ್ಕೆ ನಿಮ್ ವಾರ್ಡಲ್ಲೇ ತಿಂಗಳಿಗೊಂದು ಅಣಕು ಡ್ರಿಲ್ ಶುರುಮಾಡಿ, ಮೊದಲ ಒತ್ತು ಬೀಳೋಕೆ ಎಷ್ಟು ಸೆಕೆಂಡ್ ಆಯ್ತು ಅಂತ ಬರೆದಿಡಿ.