ರೇಖೆ ಇಳಿದಿದೆ, ಹತ್ತಿ ಎಲ್ಲಿ ಹೋಯಿತು?

ಪ್ರಿಯ ಲೇಖಕರೇ, ನಮಸ್ಕಾರ.

ಚೀನಾ ಮತ್ತು ಬಾಂಗ್ಲಾದೇಶಗಳ ಹತ್ತಿ ಆಮದನ್ನು ಹೋಲಿಸಿ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ವಾದ ಇಷ್ಟು: 2011–12ರಲ್ಲಿ ಚೀನಾ ತರಿಸಿಕೊಂಡ ಹತ್ತಿ ಸುಮಾರು 53 ಲಕ್ಷ ಟನ್. 2015–16ಕ್ಕೆ ಅದು 10 ಲಕ್ಷ ಟನ್ನಿಗಿಂತ ಕೆಳಗೆ ಬಂತು. ಅಷ್ಟರಲ್ಲಿ ಬಾಂಗ್ಲಾದೇಶದ ಆಮದು ಏರುತ್ತ ಹೋಗಿ ಚೀನಾವನ್ನು ಹಿಂದಿಕ್ಕಿತು. ಆದ್ದರಿಂದ ಚೀನಾದ ಗಿರಣಿಗಳು ಸೋತವು, ಬಾಂಗ್ಲಾದ ಗಿರಣಿಗಳು ಗೆದ್ದವು. ಏರಿಳಿತದ ದಿಕ್ಕು ಸರಿಯಾಗಿದೆ. ತಪ್ಪಿರುವುದು ‘ಆದ್ದರಿಂದ’ ಎಂಬಲ್ಲಿ.

2011ರಲ್ಲಿ ಚೀನಾ ಸರ್ಕಾರ ತನ್ನ ರೈತರ ಅರಳೆಯನ್ನು, ಅಂದರೆ ಬೀಜ ತೆಗೆದ ಹತ್ತಿಯನ್ನು, ಟನ್ನಿಗೆ 19,800 ಯುವಾನ್ ಕೊಟ್ಟು ದಾಸ್ತಾನಿಗೆ ಕೊಳ್ಳಲು ಶುರುಮಾಡಿತು. ಮರುವರ್ಷ ದರ 20,400 ಆಯಿತು. ಹೊರದೇಶದ ಹತ್ತಿ ಅದಕ್ಕಿಂತ ಅಗ್ಗವಾಗಿತ್ತು. ಹಾಗಾಗಿ ಚೀನಾದ ಹತ್ತಿ ಗೋದಾಮು ಸೇರಿತು, ಗಿರಣಿಗಳು ಬಂದರಿನ ಕಡೆ ನೋಡಿದವು. 2014ರ ಹೊತ್ತಿಗೆ ಸರ್ಕಾರದ ದಾಸ್ತಾನು ಒಂದು ಕೋಟಿ ಟನ್ ದಾಟಿತ್ತು. ಆಗ ಆ ಖರೀದಿಯನ್ನು ಕೈಬಿಟ್ಟರು, ಆಮದಿನ ಪರವಾನಗಿಯನ್ನು ಬಿಗಿಮಾಡಿದರು, ಗೋದಾಮು ಖಾಲಿಮಾಡುವ ದಾರಿ ಹಿಡಿದರು. ವಿಶ್ವ ವ್ಯಾಪಾರ ಸಂಸ್ಥೆಗೆ ಮಾತು ಕೊಟ್ಟಂತೆ ಶೇ. 1ರ ಸುಂಕದಲ್ಲಿ ಚೀನಾ ಪ್ರತಿವರ್ಷ ಬಿಟ್ಟುಕೊಳ್ಳಬೇಕಾದ ಪಾಲು 8,94,000 ಟನ್. ನಿಮ್ಮ 2015–16ರ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ನಕ್ಷೆಯಲ್ಲಿ ಚೀನಾದ ರೇಖೆ ಅಲ್ಲಿಗೆ ಬಂದು ನಿಂತದ್ದೇಕೆಂದು ಆಗ ತಿಳಿಯುತ್ತದೆ.

ಇನ್ನೊಂದು ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಬರುವುದಿಲ್ಲ. ಅರಳೆಗೆ ಮಿತಿಯಿತ್ತು, ನೂಲಿಗೆ ಇರಲಿಲ್ಲ. ಭಾರತ, ಪಾಕಿಸ್ತಾನ, ವಿಯೆಟ್ನಾಂಗಳಿಂದ ಹತ್ತಿ ನೂಲಾಗಿಯೇ ಚೀನಾ ಹೊಕ್ಕಿತು, ವರ್ಷಕ್ಕೆ 20 ಲಕ್ಷ ಟನ್ನಿಗೂ ಹೆಚ್ಚು. ಮುಂಬಾಗಿಲಲ್ಲಿ ಕಡಿಮೆಯಾದದ್ದು ಹಿತ್ತಿಲಿಂದ ಬರುತ್ತಿತ್ತು. ನೀವು ಮುಂಬಾಗಿಲನ್ನಷ್ಟೇ ಎಣಿಸಿದ್ದೀರಿ. ನಕ್ಷೆಯನ್ನು 2016ಕ್ಕೇ ನಿಲ್ಲಿಸಿದ್ದೇಕೆ? 2023–24ರಲ್ಲಿ ಚೀನಾದ ಆಮದು ಮತ್ತೆ 30 ಲಕ್ಷ ಟನ್ ದಾಟಿತು. ಆ ವರ್ಷವನ್ನೂ ಸೇರಿಸಿ, ನಿಮ್ಮ ‘ಸೋಲು’ ನಿಲ್ಲುತ್ತದೆಯೇ ಎಂದು ನೀವೇ ಪರೀಕ್ಷಿಸಿ.

ಬಾಂಗ್ಲಾದ ಕಥೆ ಬೇರೆ. ಅಲ್ಲಿ ಹತ್ತಿ ಬೆಳೆಯುವುದು ಅತ್ಯಲ್ಪ. ದಾಸ್ತಾನಿನ ರಾಜಕೀಯವೂ ಇಲ್ಲ. ಸಿದ್ಧ ಉಡುಪಿನ ಬೇಡಿಕೆ ಬೆಳೆದಂತೆ ಚಿತ್ತಗಾಂಗ್ ಬಂದರಿಗೂ ಬೆನಾಪೋಲ್ ಗಡಿಗೂ ಬೇಲುಗಳು, ಅಂದರೆ ಅರಳೆಯನ್ನು ಒತ್ತಿ ಕಟ್ಟಿದ ಮೂಟೆಗಳು, ಬಂದವು. ಹೀಗೆ ಒಂದು ರೇಖೆಯನ್ನು ಎಳೆದದ್ದು ಗಿರಣಿಯ ಹಸಿವು, ಇನ್ನೊಂದನ್ನು ಸರ್ಕಾರದ ಗೋದಾಮು. ಇದನ್ನು ಹೇಳಿದ ಮೇಲೆಯೇ ಹೋಲಿಕೆಗೆ ಅರ್ಥ.

ಲೆಕ್ಕದಲ್ಲಿ ಒಂದು ತೊಡಕಿದೆ. ಚೀನಾದ ಬೇಲುಗಳನ್ನು ಅಮೆರಿಕದ ಪಟ್ಟಿಯಿಂದ ತೆಗೆದಿದ್ದೀರಿ, ಆ ಬೇಲು 480 ಪೌಂಡ್, ಅಂದರೆ ಸುಮಾರು 218 ಕಿಲೊ. ಬಾಂಗ್ಲಾದ್ದನ್ನು ನಮ್ಮ ವರ್ತಕರ ಪತ್ರಿಕೆಯಿಂದ ತೆಗೆದಿದ್ದೀರಿ, ಆ ಬೇಲು 170 ಕಿಲೊ. ಅಮೆರಿಕದ 100 ಬೇಲು ನಮ್ಮ 128ಕ್ಕೆ ಸಮ. ಎರಡನ್ನೂ ಒಂದೇ ನಕ್ಷೆಯಲ್ಲಿ ಕೂರಿಸಿದಾಗ ಬಾಂಗ್ಲಾ ಕಾಲುಭಾಗಕ್ಕೂ ಹೆಚ್ಚು ಎತ್ತರ ಕಂಡಿದೆ. ಹತ್ತಿಯ ಲೆಕ್ಕದ ವರ್ಷವೂ ಒಂದಲ್ಲ: ಅಮೆರಿಕದವರದು ಆಗಸ್ಟ್‌ನಿಂದ, ನಮ್ಮದು ಅಕ್ಟೋಬರ್‌ನಿಂದ. ಎಲ್ಲವನ್ನೂ ಟನ್ನಿಗೆ ತನ್ನಿ. ‘ಹತ್ತಿ’, ‘ಅರಳೆ’ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಬೇಡಿ. ಹಡಗು ಹತ್ತುವುದು ಅರಳೆ. ರಾಯಚೂರಿನ ಮಂಡಿಯಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ತೂಗುವುದು ಬೀಜ ಸಮೇತದ ಹತ್ತಿ. ಬೀಜ ಬಿಡಿಸುವ ಜಿನ್ನಿಗೆ ಹಾಕಿದರೆ ಅದರಲ್ಲಿ ಅರಳೆ ಸಿಗುವುದು ಮೂರನೇ ಒಂದು ಭಾಗದಷ್ಟೇ. ನಾನು ಹೊಸದಾಗಿ ವರದಿಗೆ ಹೋಗುತ್ತಿದ್ದಾಗ ಇದೇ ತಪ್ಪು ಮಾಡಿ, ರೈತರೊಬ್ಬರ ಎದುರು ತಲೆತಗ್ಗಿಸಿದ್ದೇನೆ.

ಹರಪ್ಪಾದ ಬಟ್ಟೆಯಿಂದ ಶುರುವಾಗುವ ಮೊದಲ ಎರಡು ಪುಟ ತೆಗೆದುಹಾಕಿ. ನಿಮ್ಮ ಬರಹ ಉಸಿರಾಡಲು ಶುರುಮಾಡುವುದು ಆರನೇ ಪುಟದಲ್ಲಿ, ನಿಮ್ಮ ತಂದೆ ಮಂಡಿಯಲ್ಲಿ ನಿಂತಿರುವಾಗ. ಖರೀದಿದಾರ ಚೀಲಕ್ಕೆ ಕೈಹಾಕಿ ಹಿಡಿಯಷ್ಟು ಹತ್ತಿ ತೆಗೆದು, ಎರಡೂ ಹೆಬ್ಬೆರಳ ನಡುವೆ ಎಳೆದು, ಎಳೆಗಳನ್ನು ಸಾಲಾಗಿ ಜೋಡಿಸಿ ಬೆಳಕಿಗೆ ಹಿಡಿಯುತ್ತಾನೆ. ಅಪ್ಪ ಹತ್ತಿಯನ್ನು ನೋಡುವುದಿಲ್ಲ, ಅವನ ಮುಖವನ್ನು ನೋಡುತ್ತಾರೆ. ಆ ಸಾಲು ಓದಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅಲ್ಲಿಂದ ಆರಂಭಿಸಿ.

ಅಲ್ಲಿಂದ ಬೀಜಿಂಗಿಗೆ ದಾರಿಯೂ ಇದೆ. 2011–12ರಲ್ಲಿ ನಮ್ಮ ಹತ್ತಿ ರಫ್ತಿನ ದೊಡ್ಡ ಪಾಲು ಹೋದದ್ದು ಚೀನಾಕ್ಕೇ. 2012ರ ಮಾರ್ಚ್ 5ರಂದು ಕೇಂದ್ರ ಸರ್ಕಾರ ಏಕಾಏಕಿ ರಫ್ತು ನಿಷೇಧಿಸಿತು. ರೈತರು, ವರ್ತಕರು ಕೂಗೆಬ್ಬಿಸಿದ ಮೇಲೆ ಒಂದೇ ವಾರದಲ್ಲಿ ಸಡಿಲಿಸಬೇಕಾಯಿತು. ನಿಮ್ಮ ನಕ್ಷೆಯ ಅತಿ ಎತ್ತರದ ಬಿಂದು ಇರುವುದು ಅದೇ ಋತುವಿನಲ್ಲಿ.

ಅಡತಿ ಅಂಗಡಿಯ ಪಟ್ಟಿಗಳನ್ನೆಲ್ಲ ಅಪ್ಪ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕಿದ್ದಾರೆ ಎಂದು ಬರೆದಿದ್ದೀರಲ್ಲ, ಅದರಲ್ಲಿ 2012ರ ಫೆಬ್ರವರಿ, ಮಾರ್ಚ್‌ನ ಪಟ್ಟಿಗಳು ಇವೆಯೇ ಹುಡುಕಿ. ಸಿಕ್ಕರೆ ತಾರೀಖು, ತೂಕ, ದರ ಮೂರನ್ನೂ ಇದ್ದ ಹಾಗೇ ಬರೆದುಕೊಂಡು, ಆ ವಾರ ಹತ್ತಿಯನ್ನು ಮಾರಿದರೋ ಮನೆಗೆ ವಾಪಸು ತಂದರೋ ಅಂತ ಅವರನ್ನೇ ಕೇಳಿ. ಆಮೇಲೆ ಲೇಖನವನ್ನು ಮತ್ತೆ ನನಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ